ಮಂಜನ ವಿಷಯ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪನಿಗೂ ಅಜ್ಜಿಗೂ ಹೇಳು. ನಿನ್ನ ಪತ್ರ ಬಂದು ಎರಡು ದಿನ ಆಯ್ತು, ಅದೇ ಯೋಚನೆ. ಮಂಜ ಸೈನ್ಯಕ್ಕೆ ಸೇರೋಕೆ ಅಗ್ನಿವೀರ್‌ಗೆ ಅರ್ಜಿ ಹಾಕಿದ್ದಾನೆ, ನೀನು ಅವನ ಜೊತೆ ಮಾತು ಬಿಟ್ಟಿದ್ದೀಯ, ನಾನು ಫೋನ್ ಮಾಡಿ ಬೇಡ ಅನ್ನಬೇಕು, ಅಷ್ಟೇ ಅಲ್ವಾ?

ಇಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಾನು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸೇಂಟ್ ಸ್ಟೀಫನ್ಸ್ ಗ್ರೀನ್ ಅಂತ ಪಾರ್ಕ್ ಇದೆ. ಅದರ ಮೂಲೆಯಲ್ಲಿ ದೊಡ್ಡ ಕಲ್ಲಿನ ಕಮಾನು. ಬ್ರಿಟಿಷ್ ಸೈನ್ಯದ ಐರಿಷ್ ಪಡೆಯಾಗಿದ್ದ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ರೆಜಿಮೆಂಟಿನವರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸತ್ತವರಿಗಾಗಿ 1907ರಲ್ಲಿ ಕಟ್ಟಿದ್ದು. ಒಳಗೆ ನಿಂತು ತಲೆ ಎತ್ತಿದರೆ ಬರೀ ಹೆಸರುಗಳು. ನಿನ್ನ ಪತ್ರ ಓದಿದ ದಿನ ಮಳೆಯಲ್ಲೇ ನಿಂತು ಒಂದೊಂದನ್ನೇ ಓದಿದೆ.

ಗೊತ್ತಾ, ಇವರು ಗೆದ್ದ ಯುದ್ಧಗಳ ಪಟ್ಟಿಯಲ್ಲಿ ನಮ್ಮ ನಂದಿದುರ್ಗದ ಹೆಸರಿದೆ! 1791ರಲ್ಲಿ ಟಿಪ್ಪುವಿನ ಕೈಯಿಂದ ಬೆಟ್ಟ ಕಿತ್ತುಕೊಂಡ ಕಂಪನಿ ಸೈನ್ಯದಲ್ಲಿ ಮದ್ರಾಸಿನ ಒಂದು ಪಡೆ ಇತ್ತು. ಅದೇ 1881ರಲ್ಲಿ ಈ ರೆಜಿಮೆಂಟಿನ ಮೊದಲ ಬೆಟಾಲಿಯನ್ ಆಯ್ತು. ನೀನು ಹಪ್ಪಳ ಒಣಗಿಸುವಾಗ ಮಾಳಿಗೆಯಿಂದ ಕಾಣುತ್ತದಲ್ಲಾ, ಅದೇ ಬೆಟ್ಟ. ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ.

ಆಮೇಲಿನ ಕಥೆ ಕಷ್ಟದ್ದು. ಮೊದಲನೇ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 25ರಂದು ಟರ್ಕಿಯ ಗಲ್ಲಿಪೊಲಿಯಲ್ಲಿ ದೋಣಿ ದಡ ಮುಟ್ಟುವ ಮೊದಲೇ ಎಷ್ಟೋ ಹುಡುಗರು ಗುಂಡೇಟು ತಿಂದರು. ಉಳಿದವರು ಎಷ್ಟು ಕಡಿಮೆ ಅಂದರೆ, ಮನ್‌ಸ್ಟರ್ ರೆಜಿಮೆಂಟಿನಲ್ಲಿ ಉಳಿದವರ ಜೊತೆ ಸೇರಿಸಿ ಒಂದೇ ಪಡೆ ಮಾಡಿ 'ಡಬ್‌ಸ್ಟರ್ಸ್' ಅಂದರು. ಮುಂದಿನ ತಿಂಗಳು ಬೆಲ್ಜಿಯಂನಲ್ಲಿ ಎರಡನೇ ಬೆಟಾಲಿಯನ್ ಮೇಲೆ ಜರ್ಮನರು ವಿಷದ ಗಾಳಿ ಬಿಟ್ಟರು. 668 ಜನರಲ್ಲಿ ಸಂಜೆ ಹೊತ್ತಿಗೆ ನಿಂತಿದ್ದವರು 21.

ನನಗೆ ಜಾಸ್ತಿ ಸಂಕಟ ಆಗಿದ್ದು ವಾಪಸ್ ಬಂದವರ ಕಥೆ ಓದಿ. ಹೋಗುವಾಗ ಊರೇ ಬೀದಿಗೆ ಬಂದು ಕಳಿಸಿಕೊಟ್ಟಿತ್ತು. ನಡುವೆ 1916ರಲ್ಲಿ ಇಲ್ಲಿ ಬ್ರಿಟಿಷರ ವಿರುದ್ಧ ದಂಗೆ ಆಯ್ತು, ಮುಖಂಡರಿಗೆ ಗುಂಡಿಟ್ಟರು, ಜನರ ಮನಸ್ಸೇ ತಿರುಗಿತು. ಆ ದಂಗೆಯಲ್ಲಿ ಹಾರಿದ ಗುಂಡುಗಳ ಗುರುತು ಕಮಾನಿನ ಮೇಲೆ ಇವತ್ತಿಗೂ ಇದೆ, ಕೈಯಿಟ್ಟು ನೋಡಿದೆ. ಕಮಾನನ್ನೇ 'ದ್ರೋಹಿಗಳ ಬಾಗಿಲು' ಅಂದವರಿದ್ದಾರೆ. 1922ರಲ್ಲಿ ರೆಜಿಮೆಂಟೇ ಹೋಯ್ತು. ಎಷ್ಟೋ ಜನ ಮನೆಯಲ್ಲೂ ಯುದ್ಧದ ಮಾತೆತ್ತಲಿಲ್ಲ.

ಅದಕ್ಕೇ ಅಮ್ಮಾ, ನಾನು ಬೇಡ ಅನ್ನಲಿಲ್ಲ. ನಿನ್ನೆ ಮಾತಾಡಿದೆ. ನಾಲ್ಕು ವರ್ಷ ಆದಮೇಲೆ ನೂರಕ್ಕೆ ಇಪ್ಪತ್ತೈದು ಜನರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಮೊದಲು ಡಿಗ್ರಿ ಮುಗಿಸು ಅಂದೆ. ಹ್ಞೂಂ ಅಂದ. ಆದರೆ "ಅಮ್ಮ ತಟ್ಟೆ ಇಟ್ಟು ಒಳಗೆ ಹೋಗಿಬಿಡ್ತಾಳೆ ಕಣೋ" ಅಂದಾಗ ಅವನ ಗಂಟಲು ಕಟ್ಟಿತ್ತು. ಬೈಯಬೇಕಾದರೆ ಬೈದುಬಿಡು, ಆದರೆ ಎದುರಿಗೆ ಕೂತು ಊಟ ಮಾಡಿಸು. ಇನ್ನೂ ಪರೀಕ್ಷೆಯೇ ಆಗಿಲ್ಲ, ಆಮೇಲೆ ಓಟ, ಮೆಡಿಕಲ್, ಎಷ್ಟೊಂದಿದೆ. ಏನೂ ಆಗಲ್ಲ, ನಿಜವಾಗಿಯೂ ಏನೂ ಆಗಲ್ಲ. ನಾನೂ ಹೊತ್ತಿಗೆ ಸರಿಯಾಗಿ ಅನ್ನ ಸಾರು ಮಾಡಿಕೊಂಡು ತಿನ್ನುತ್ತಿದ್ದೇನೆ, ಸ್ವೆಟರ್ ಹಾಕುತ್ತೇನೆ.

ಬಸ್ ಬಂತು. ಅಜ್ಜಿ ಕನ್ನಡಕದ ದುಡ್ಡು ಶುಕ್ರವಾರ ಹಾಕುತ್ತೇನೆ. ಇವತ್ತು ರಾತ್ರಿಯೇ ಅವನನ್ನು ಮಾತಾಡಿಸು.

ನಿನ್ನ
ಸುರೇಶ