ಮಗಳಿಗೊಂದು ಪತ್ರ: ‘ಸರಿ’ ಮತ್ತು ‘ಸರಿಯಲ್ಲ’

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಕಳೆದ ಭಾನುವಾರ ನೀನು ಹಾಸ್ಟೆಲಿನಿಂದ ಫೋನ್ ಮಾಡಿ, ಪಿಯುಸಿ ಮುಗಿದ ಮೇಲೆ ಕಾನೂನು ಓದುತ್ತೇನೆ, ವಕೀಲೆಯಾಗುತ್ತೇನೆ ಎಂದಾಗ ನಾನು “ನೋಡೋಣ ಬಿಡು” ಎಂದಷ್ಟೇ ಹೇಳಿ ಮಾತು ಮುಗಿಸಿದೆ. ನಿನಗೆ ಬೇಸರವಾಗಿರಬಹುದು. ಆಗ ನಿನ್ನ ಸೋದರಮಾವ ಮನೆಗೆ ಬಂದಿದ್ದರು. ವಿಷಯ ತಿಳಿದೊಡನೆ, “ಸುಳ್ಳು ಹೇಳಿ ಹೊಟ್ಟೆ ಹೊರೆಯುವ ಕಸುಬು ನಮ್ಮ ಹುಡುಗಿಗೆ ಯಾಕೆ?” ಎಂದರು. ನಿನ್ನ ಅಜ್ಜಿ, “ಕೋರ್ಟು ಮೆಟ್ಟಿಲು ಹತ್ತಬಾರದು ಅಂತಾರೆ, ಇವಳು ದಿನಾ ಹತ್ತುತೀನಿ ಅಂತಾಳಲ್ಲ” ಎಂದು ನಿಟ್ಟುಸಿರು ಬಿಟ್ಟರು. ಇಪ್ಪತ್ತೇಳು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿ ದುಡಿದಿರುವ ನನ್ನಲ್ಲಿ ಅವರಿಬ್ಬರಿಗೂ ಉತ್ತರವಿತ್ತು. ಆದರೆ ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಹಾಗಾಗಿ ಈ ಪತ್ರ.

ನಾನು ಏನು ಕೆಲಸ ಮಾಡುತ್ತೇನೆಂದು ನೀನು ಚಿಕ್ಕವಳಿದ್ದಾಗ ಕೇಳಿದರೆ “ಟೈಪ್ ಮಾಡುತ್ತೇನೆ” ಎಂದು ಹೇಳುತ್ತಿದ್ದೆ. ನಾನು ಬರೆಯುವುದು ಸಾಕ್ಷಿಗಳ ಹೇಳಿಕೆ. ಕಟಕಟೆಯಲ್ಲಿ ನಿಂತ ಮನುಷ್ಯ ತನ್ನ ಮಾತಿನಲ್ಲಿ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ಉಕ್ತಲೇಖನ ಕೊಡುತ್ತಾರೆ, ನಾನು ಅಚ್ಚಿಸುತ್ತೇನೆ. ಮೊದಲು ಕಾರ್ಬನ್ ಹಾಳೆ ಇಟ್ಟು ಯಂತ್ರದಲ್ಲಿ, ಈಗ ಕಂಪ್ಯೂಟರಿನಲ್ಲಿ. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ಕೇಳಿದ ಪ್ರಶ್ನೆಯೂ ಸಾಕ್ಷಿ ಕೊಟ್ಟ ಉತ್ತರವೂ ಕೂಡಿ ಒಂದೇ ವಾಕ್ಯವಾಗುತ್ತದೆ: “ಜಮೀನಿನಲ್ಲಿ ವಾದಿ ಉಳುಮೆ ಮಾಡುತ್ತಿದ್ದಾರೆ ಎಂದರೆ ಸರಿಯಲ್ಲ. ಕಂದಾಯದ ರಸೀದಿ ನನ್ನ ಬಳಿ ಇಲ್ಲ ಎಂದರೆ ಸರಿ.” ಸಾವಿರಾರು ಹಾಳೆಗಳಲ್ಲಿ ನಾನು ಬರೆದಿರುವುದು ಬಹುಪಾಲು ಈ ಎರಡೇ ಪದಗಳು. ಕೇಳುವವರಿಗೆ ನೀರಸವಾಗಿ ಕಾಣಬಹುದು. ಆದರೆ ಒಂದು ಮನೆತನದ ಜಮೀನು, ಒಬ್ಬ ಮನುಷ್ಯನ ಜೈಲುವಾಸ, ಒಂದು ಮಗುವಿನ ಪಾಲನೆಯ ಹಕ್ಕು ಇವೆಲ್ಲ ಎಷ್ಟೋ ಸಲ ಅಂಥ ಒಂದೇ ಸಾಲನ್ನು ನೆಚ್ಚಿ ನಿಂತಿರುತ್ತವೆ.

ನಾನು ಕೆಲಸ ಮಾಡಿದ ತಾಲೂಕು ನ್ಯಾಯಾಲಯಗಳಲ್ಲೊಂದರಲ್ಲಿ ನಡೆದ ಒಂದು ಪಾಲಿನ ದಾವೆಯ ವಿಷಯವನ್ನು ನಿನಗೆ ವಿವರವಾಗಿ ಹೇಳಬೇಕು. ಊರು, ಹೆಸರು ಬೇಡ. ಒಂಬತ್ತು ಎಕರೆ ಪಿತ್ರಾರ್ಜಿತ ಜಮೀನು, ಇಬ್ಬರು ಅಣ್ಣಂದಿರು, ಒಬ್ಬ ತಂಗಿ. ತಂಗಿಗೆ 1989ರಲ್ಲಿ ಮದುವೆಯಾಗಿತ್ತು. ತಾಯಿ ಮೊದಲೇ ಇರಲಿಲ್ಲ, ತಂದೆ 2003ರಲ್ಲಿ ತೀರಿಕೊಂಡರು. ಗಂಡನನ್ನೂ ಕಳೆದುಕೊಂಡು ತವರಿನ ಪಾಲು ಕೇಳಲು ಆಕೆ 2014ರಲ್ಲಿ ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಹೆಣ್ಣುಮಕ್ಕಳಿಗೆ, ಅವರ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗಬೇಕು. ಹಾಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಆಕೆಯ ಪರವಾಗಿ ನೇಮಕವಾದವರು, ವಕೀಲಿಕೆಗೆ ಬಂದು ಆರೇ ವರ್ಷವಾಗಿದ್ದ ಒಬ್ಬ ಹೆಣ್ಣುಮಗಳು. ಆಕೆಯ ಎದುರಿಗೆ ನಿಂತವರು ಮೂವತ್ತು ವರ್ಷ ಪಳಗಿದ ಹಿರಿಯರು.

ಕಾನೂನಿನ ನೆಲವೇ ಆಗ ಅಲುಗಾಡುತ್ತಿತ್ತು. ನಮ್ಮ ರಾಜ್ಯ ಕೇಂದ್ರದ ಕಾನೂನಿಗಿಂತ ಹನ್ನೊಂದು ವರ್ಷ ಮೊದಲೇ, 1994ರಲ್ಲಿ, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತ್ತು ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಆ ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. ಅಷ್ಟರಲ್ಲಿ, ನಮ್ಮ ಕರ್ನಾಟಕದಿಂದಲೇ ಹೋಗಿದ್ದ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದು ಹೇಳಿಬಿಟ್ಟಿತು. ಈ ಹೆಂಗಸಿನ ತಂದೆ ಸತ್ತದ್ದು 2003ರಲ್ಲಿ. ಹಳೆಯ ಲೆಕ್ಕವೇ ನಿಂತರೆ, ಜಮೀನು ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ ಸಮವಾಗಿ ಹಂಚಿಕೆಯಾಗಿ, ತಂದೆಯ ಮೂರನೇ ಒಂದು ಭಾಗದಲ್ಲಿ ಮೂರನೇ ಒಂದು, ಅಂದರೆ ಒಂದು ಎಕರೆ ಆಕೆಯದು. ಹೊಸ ಕಾನೂನು ಅನ್ವಯಿಸಿದರೆ ಮೂರು ಎಕರೆ. ನಮ್ಮ ಕಡೆಯ ಒಣಬೇಸಾಯದಲ್ಲಿ ಒಂದು ಎಕರೆಗೂ ಮೂರು ಎಕರೆಗೂ ಇರುವ ವ್ಯತ್ಯಾಸ ಏನೆಂದು ನಿನ್ನ ಅಜ್ಜಿಯನ್ನು ಕೇಳು, ಹೇಳುತ್ತಾರೆ.

ಅಣ್ಣಂದಿರು ಇನ್ನೊಂದು ವಾದವನ್ನೂ ಹೂಡಿದ್ದರು. ತಂದೆ ಇದ್ದಾಗಲೇ, 2001ರಲ್ಲಿ, ಪಂಚರ ಸಮಕ್ಷಮ ಬಾಯಿಮಾತಿನಲ್ಲಿ ಜಮೀನು ವಿಭಾಗವಾಗಿ ಹೋಗಿದೆ, ಈಗ ಹಂಚುವುದಕ್ಕೆ ಏನೂ ಉಳಿದಿಲ್ಲ ಎಂದು. 2017ರಲ್ಲಿ ದೊಡ್ಡ ಅಣ್ಣನ ಪಾಟೀಸವಾಲು ನಡೆಯಿತು. ನೀನು ಸಿನಿಮಾದಲ್ಲಿ ನೋಡಿದಂತೆ ಮೇಜು ಗುದ್ದುವುದು, ಕೈ ಎತ್ತಿ ಕೂಗುವುದು ಅಲ್ಲಿ ಏನೂ ಇರಲಿಲ್ಲ. ಆ ವಕೀಲೆ ಪಹಣಿಗಳ ಕಟ್ಟನ್ನು ವರ್ಷವಾರು ಜೋಡಿಸಿ ತಂದಿದ್ದರು. ಮೆಲ್ಲಗೆ, ಗೌರವದಿಂದ, ಒಂದೊಂದೇ ಕೇಳಿದರು. ನಾನು ಬರೆದ ಸಾಲುಗಳು ಇಂದಿಗೂ ನೆನಪಿವೆ: “2002ನೇ ಸಾಲಿನ ಪಹಣಿಯಲ್ಲಿ ಒಂಬತ್ತು ಎಕರೆಗೂ ನನ್ನ ತಂದೆಯ ಹೆಸರೇ ಇದೆ ಎಂದರೆ ಸರಿ. ತಂದೆ ತೀರಿಕೊಂಡ ನಂತರ ಪೂರ್ಣ ಜಮೀನಿಗೆ ನಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿ ಪೌತಿ ಖಾತೆ ಆಗಿದೆ ಎಂದರೆ ಸರಿ.” ಮೊದಲೇ ಹಂಚಿಕೊಂಡಿದ್ದವರು ಅಪ್ಪ ಸತ್ತ ಮೇಲೆ ಇಡೀ ಜಮೀನಿಗೆ ಜಂಟಿ ಖಾತೆ ಏಕೆ ಮಾಡಿಸಿಕೊಂಡರು? ಆ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ, ಕೇಳದೆ ಬಿಟ್ಟರು. ಕೇಳಿದ್ದರೆ ಆತ ಏನಾದರೊಂದು ಸಮಜಾಯಿಷಿ ಕೊಡುತ್ತಿದ್ದ. ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುವುದು ಆ ವಿದ್ಯೆಯ ಅರ್ಧ ಭಾಗವೆಂದು ನನಗೆ ಆ ದಿನ ಅರ್ಥವಾಯಿತು.

ಕೊನೆಯಲ್ಲಿ ವಾಡಿಕೆಯಂತೆ ಅವರು, 2001ರಲ್ಲಿ ವಿಭಾಗವೇ ಆಗಿಲ್ಲ ಅಲ್ಲವೇ ಎಂದು ಸೂಚಿಸಿದರು. ಸಾಕ್ಷಿ ನಿರಾಕರಿಸಿದ. ಸಂಜೆ ಐದರ ಹತ್ತಿರವಾಗಿತ್ತು, ಬೆಳಗಿನಿಂದ ಅದು ನನ್ನ ಐದನೆಯ ಸಾಕ್ಷಿ. ನಾನು “ವಿಭಾಗವೇ ಆಗಿಲ್ಲ ಎಂದರೆ ಸರಿ” ಎಂದು ಬರೆದುಬಿಟ್ಟೆ. ‘ಅಲ್ಲ’ ಎಂಬ ಎರಡು ಅಕ್ಷರ ಬಿಟ್ಟುಹೋಗಿತ್ತು. ಹಾಳೆ ಸಹಿಗೆ ಹೋಯಿತು. ಅಣ್ಣನ ಪರ ವಕೀಲರು ಬೇರೆ ಹಾಲಿನಲ್ಲಿ ಕೇಸು ಕೂಗಿದ್ದರೆಂದು ಹೊರಗೆ ಹೋಗಿದ್ದರು. ಆತ ಓದದೆಯೇ ಪೆನ್ನು ಎತ್ತಿದ್ದ. ಆ ಸಹಿ ಬಿದ್ದಿದ್ದರೆ, ಪ್ರತಿವಾದಿ ತನ್ನ ವಾದವನ್ನು ತಾನೇ ಬಿಟ್ಟುಕೊಟ್ಟಂತೆ ದಾಖಲೆಯಾಗುತ್ತಿತ್ತು. ಹಾಳೆಯನ್ನು ಓದುತ್ತಿದ್ದ ಆ ವಕೀಲೆ ಎದ್ದು ನಿಂತು, “ಸ್ವಾಮಿ, ಸಾಕ್ಷಿ ಹೇಳಿದ್ದು ಸರಿಯಲ್ಲ ಎಂದು. ಇಲ್ಲಿ ಸರಿ ಎಂದಾಗಿದೆ, ತಿದ್ದಬೇಕು” ಎಂದರು.

ತಿದ್ದಿದೆ. ನನ್ನ ಕೈ ನಡುಗುತ್ತಿತ್ತು. ಹೊರಗಿನ ಮೊಗಸಾಲೆಯಲ್ಲಿ ಆ ಬಡ ಹೆಂಗಸು, “ನಮಗೆ ಅನುಕೂಲವಾಗಿದ್ದನ್ನ ನೀವೇ ಯಾಕಮ್ಮ ಹೇಳಿದ್ರಿ?” ಎಂದು ಅಳುತ್ತಿದ್ದುದು ನನಗೆ ಕೇಳಿಸಿತು. ವಕೀಲೆ ಉಪದೇಶವನ್ನೇನೂ ಮಾಡಲಿಲ್ಲ. ಕಲ್ಲುಬೆಂಚಿನ ಮೇಲೆ ಆಕೆಯ ಪಕ್ಕದಲ್ಲಿ ಕುಳಿತು, ಪೌತಿ ಖಾತೆಯ ನಕಲನ್ನು ಬಿಡಿಸಿ ಹಿಡಿದು, ಅಣ್ಣ ಇದನ್ನು ಒಪ್ಪಿಕೊಂಡಿದ್ದಾನೆ, ನಮಗೆ ಇಷ್ಟು ಸಾಕು ಎಂದು ಬೆರಳಿಟ್ಟು ತೋರಿಸಿದರು.

ನಿನ್ನ ಸೋದರಮಾವನಿಗೆ ನನ್ನ ಉತ್ತರ ಇದೇ. ಸುಳ್ಳು ಹೇಳುವ ವಕೀಲರಿಲ್ಲವೆಂದು ನಾನು ಹೇಳಲಾರೆ, ಕಣ್ಣಾರೆ ಕಂಡಿದ್ದೇನೆ. ಆದರೆ ವಕೀಲರು ಕಕ್ಷಿದಾರರ ಪರವಾಗಿ ನಿಂತಾಗಲೂ ನ್ಯಾಯಾಲಯದ ಅಧಿಕಾರಿಯೇ ಎಂದು ವೃತ್ತಿನಿಯಮ ಹೇಳುತ್ತದೆ. ಅದು ಯಾರೂ ನೋಡದಿರುವ ಸಂಜೆ ಐದು ಗಂಟೆಯಲ್ಲಿ ನಡೆದುದನ್ನು ನಾನು ನೋಡಿದ್ದೇನೆ. ಆ ದಾವೆ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, ಅದೂ ನಮ್ಮ ರಾಜ್ಯದ್ದೇ, 2001ರಲ್ಲೇ ತೀರಿಕೊಂಡಿದ್ದ ತಂದೆಯ ಹೆಣ್ಣುಮಕ್ಕಳಿಗೂ ಸುಪ್ರೀಂ ಕೋರ್ಟು ಸಮಪಾಲು ಕೊಟ್ಟಿತು. ಎರಡು ತೀರ್ಪು ಎರಡು ದಿಕ್ಕಿಗೆ ಎಳೆಯುತ್ತಿದ್ದಾಗ, ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ 2005ರ ಆ ದಿನ ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿತು. 2021ರಲ್ಲಿ ನಮ್ಮ ದಾವೆಯ ತಂಗಿಗೆ ಮೂರನೇ ಒಂದು ಪಾಲೆಂದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲೆಂದು ಹೇಳುವ ಮೊದಲ ತೀರ್ಪು, ಆಯಿತು. ಆಮೇಲೆ ಅಂತಿಮ ಡಿಕ್ರಿ, ಸರ್ವೆ, ಅಳತೆ, ಹದ್ದುಬಸ್ತು ಎಂದು ಇನ್ನೂ ಎರಡು ವರ್ಷ. ಆ ಒಂಬತ್ತು ವರ್ಷವೂ ಫೈಲು ಒಬ್ಬರ ಕಂಕುಳಲ್ಲೇ ಇತ್ತು.

ನೀನು ಕಳೆದ ವರ್ಷ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಕೇಶವಾನಂದ ಭಾರತಿ ಪ್ರಕರಣದ ಬಗ್ಗೆ ಮಾತಾಡಿ ಬಹುಮಾನ ಪಡೆದೆ. ಹದಿಮೂರು ನ್ಯಾಯಮೂರ್ತಿಗಳು, ಅರವತ್ತೆಂಟು ದಿನಗಳ ವಾದ, ವಕೀಲ ಪಾಲ್ಖಿವಾಲಾ ಅವರ ವಾಗ್ಝರಿ, 1973ರ ಏಪ್ರಿಲ್ 24ರ ತೀರ್ಪು ಇವೆಲ್ಲ ನಿನ್ನನ್ನು ಈ ವೃತ್ತಿಯ ಕಡೆಗೆ ಸೆಳೆದಿವೆ ಎಂದು ಬಲ್ಲೆ. ತಪ್ಪೇನಿಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸಲಾಗದು ಎಂಬ ಮಾತು ಕಾಸರಗೋಡಿನ ಕನ್ನಡ ನೆಲದ ಎಡನೀರು ಮಠದ ಜಮೀನಿನ ತಕರಾರಿನಿಂದ ಹುಟ್ಟಿತೆಂಬುದು ಯಾರಿಗಾದರೂ ರೋಮಾಂಚನ ತರುವ ಸಂಗತಿ. ಆದರೆ ಸುಪ್ರೀಂ ಕೋರ್ಟಿನ ಆ ವಾದಕ್ಕೂ ಮೊದಲು ಯಾರೋ ಕುಳಿತು ಮಠದ ಜಮೀನಿನ ಕಾಗದಗಳನ್ನು ಸಾಲುಸಾಲಾಗಿ ಓದಿರಲೇಬೇಕು. ನಿನಗೆ ಆ ಓದು ಹಿಡಿಸುತ್ತದೆಯೇ ಎಂಬುದನ್ನು ನೀನೇ ಪರೀಕ್ಷಿಸಿಕೊಳ್ಳಬೇಕು. ಮಾತುಗಾರಿಕೆ ನಿನಗಿದೆ. ತಾಳ್ಮೆ ಇನ್ನೂ ಬರಬೇಕು.

ಈ ವೃತ್ತಿಯಲ್ಲಿ ನನ್ನನ್ನು ಸೆಳೆಯುವುದು, ನನ್ನ ಪರವಾಗಿ ನೀವು ವಾದಿಸಿ ಎಂದು ವಕೀಲರಿಗೆ ಒಪ್ಪಿಸುವ ವಕಾಲತ್ತಿನ ಕಾಗದ. ಒಂದು ಹಾಳೆ, ಕೆಳಗೆ ಕಕ್ಷಿದಾರರ ಸಹಿ, ಸಹಿ ಬಾರದಿದ್ದರೆ ಎಡಗೈ ಹೆಬ್ಬೆಟ್ಟು. ನೀಲಿ ಶಾಯಿ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ತನ್ನ ಬದುಕಿನ ಕಷ್ಟವನ್ನೆಲ್ಲ ಆ ಹಾಳೆಯ ಜೊತೆ ಅಪರಿಚಿತರೊಬ್ಬರ ಕೈಗೆ ಕೊಟ್ಟು ಹೊರಗೆ ಬಂದು ಕೂರುವ ಹೆಂಗಸರನ್ನು ನಾನು ನಿತ್ಯ ನೋಡುತ್ತೇನೆ. ವೈದ್ಯರ ಕೈಗೆ ದೇಹ ಕೊಡುವಂತೆ ಇಲ್ಲಿ ಮಾತನ್ನೇ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವ ಅರ್ಹತೆ ನಿನಗೆ ಬರಲಿ ಎಂಬುದು ನನ್ನ ಆಸೆ.

ಇನ್ನು ಕಷ್ಟಗಳನ್ನೂ ಮುಚ್ಚಿಡದೆ ಹೇಳುತ್ತೇನೆ. ಮೊದಲ ನಾಲ್ಕೈದು ವರ್ಷ ಸಂಪಾದನೆ ಕಡಿಮೆ. ಸೀನಿಯರ್ ಕಚೇರಿಯಲ್ಲಿ ಬಸ್ಸಿನ ಖರ್ಚಿಗೆ ಸಾಲದಷ್ಟು ಹಣಕ್ಕೆ ದುಡಿಯುವ ಕಿರಿಯರು ನಮ್ಮಲ್ಲಿ ಬಹಳ ಮಂದಿ. ಕಿರಿಯರಿಗೆ ತಿಂಗಳಿಗೆ ನಗರಗಳಲ್ಲಿ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಆದರೆ ಅದು ಶಿಫಾರಸು ಮಾತ್ರ. ಆ ವರ್ಷಗಳಲ್ಲಿ ಮನೆಯಿಂದ ಹಣ ಕಳುಹಿಸುವುದಕ್ಕೆ ನಾನೂ ನಿನ್ನ ಅಪ್ಪನೂ ಈಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇವೆ. ನೀನು ಬೆಂಗಳೂರಿನ ಕಂಪನಿಗಳಲ್ಲಿ ಕರಾರುಪತ್ರ ನೋಡುವ ಕೆಲಸಕ್ಕೆ ಹೋದರೂ ನಾವು ಬೇಡವೆನ್ನುವುದಿಲ್ಲ, ಅದೂ ಮರ್ಯಾದೆಯ ದುಡಿಮೆ.

ಹೆಣ್ಣೆಂಬ ಕಾರಣಕ್ಕೆ ಎದುರಾಗುವುದೂ ಇದೆ. 1916ರಲ್ಲಿ ರೆಜಿನಾ ಗುಹಾ ಎಂಬುವರು ವಕೀಲಿಕೆಗೆ ಅರ್ಜಿ ಹಾಕಿದಾಗ ಕಲ್ಕತ್ತಾ ಹೈಕೋರ್ಟು, ಕಾಯ್ದೆಯಲ್ಲಿರುವ ‘ವ್ಯಕ್ತಿ’ ಎಂಬ ಪದದಲ್ಲಿ ಹೆಂಗಸು ಸೇರುವುದಿಲ್ಲ ಎಂದು ಹಿಂದಕ್ಕೆ ಕಳುಹಿಸಿತು. ಆ ಒಂದು ಪದವನ್ನು ಸರಿಪಡಿಸಲು 1923ರ ಕಾಯ್ದೆಯೇ ಬರಬೇಕಾಯಿತು. ನಮ್ಮ ರಾಜ್ಯದ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಮಂಜುಳಾ ಚೆಲ್ಲೂರ್ ಅವರು ಬಂದದ್ದು 2000ದಲ್ಲಿ, ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇಂದಿಗೂ ಮಹಿಳಾ ವಕೀಲರಿಗೆ ಕುಳಿತುಕೊಳ್ಳಲು ಸರಿಯಾದ ಕೊಠಡಿಯಿಲ್ಲದ, ನೆಟ್ಟಗಿನ ಶೌಚಾಲಯವಿಲ್ಲದ ನ್ಯಾಯಾಲಯಗಳನ್ನು ನಾನು ಬಲ್ಲೆ. ಇದನ್ನು ಸಹಿಸಿಕೋ ಎಂದು ನಿನಗೆ ಹೇಳುವುದಿಲ್ಲ. ಅರ್ಜಿ ಬರೆಯಲು ಕಲಿಯುತ್ತೀಯಲ್ಲ, ಬರೆ.

ಓದಿನ ದಾರಿ ನಿನಗೇ ಗೊತ್ತು. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆ. ಸಿಗದಿದ್ದರೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಐದು ವರ್ಷದ ಪದವಿ ಇದೆ, ಎದೆಗುಂದಬೇಡ. ನಾನು ಕಂಡ ಆ ವಕೀಲೆ ಓದಿದ್ದು ಜಿಲ್ಲಾ ಕೇಂದ್ರದ ಸಾಧಾರಣ ಕಾಲೇಜಿನಲ್ಲಿ. ಆದರೆ ಎಲ್ಲಿ ಓದಿದರೂ ಕನ್ನಡವನ್ನು ಬಿಡಬೇಡ. ಹೈಕೋರ್ಟಿನ ಭಾಷೆ ಇಂಗ್ಲಿಷ್, ಅದು ನಿನಗೆ ಚೆನ್ನಾಗಿ ಬರಲೇಬೇಕು. ಸಾಕ್ಷಿ ನುಡಿಯುವುದು ಮಾತ್ರ ಕನ್ನಡದಲ್ಲಿ, ಅದೂ ಅವರವರ ಊರಿನ ಕನ್ನಡದಲ್ಲಿ. ‘ಕೊಟ್ಟೆ’ ಎನ್ನುವುದಕ್ಕೂ ‘ಕೊಡಿಸಿದೆ’ ಎನ್ನುವುದಕ್ಕೂ ಇರುವ ಅಂತರವನ್ನು ಕಿವಿ ಹಿಡಿಯದಿದ್ದರೆ ಎಷ್ಟು ಗ್ರಂಥ ಓದಿದರೂ ಪಾಟೀಸವಾಲು ಮಾಡಲಾಗದು.

ನಾನು ಆ ವಕೀಲೆಗೆ ನಿನ್ನೆ ಫೋನ್ ಮಾಡಿದ್ದೆ. ಪರೀಕ್ಷೆ ಮುಗಿಸಿ ನೀನು ಬಂದಾಗ ಹತ್ತು ದಿನ ಅವರ ಕಚೇರಿಯಲ್ಲಿ ಕುಳಿತು ಹಳೆಯ ಫೈಲುಗಳನ್ನು ಓದಲು ಒಪ್ಪಿದ್ದಾರೆ. ಅಲ್ಲಿ ಓದಿದ್ದನ್ನು ಹೊರಗೆ ಯಾರ ಹತ್ತಿರವೂ, ಮನೆಯಲ್ಲಿ ನನ್ನ ಹತ್ತಿರವೂ ಆಡಕೂಡದು ಎಂಬುದು ಅವರ ಷರತ್ತು. ಬೆಳಿಗ್ಗೆ ಹನ್ನೊಂದಕ್ಕೆ ನ್ಯಾಯಾಲಯ ಸೇರುತ್ತದೆ. ತೆರೆದ ನ್ಯಾಯಾಲಯದಲ್ಲಿ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು. ನಾನು ಮುಂದೆ ಟೈಪ್ ಮಾಡುತ್ತಿರುತ್ತೇನೆ, ನನ್ನನ್ನು ನೋಡಬೇಡ, ಸಾಕ್ಷಿಯನ್ನು ನೋಡು. ಬರುವಾಗ ಎರಡು ನೋಟುಪುಸ್ತಕ ತೆಗೆದುಕೊಂಡು ಬಾ.

ಇಂತಿ,
ನಿನ್ನ ಅಮ್ಮ