ಚೆಂಡು ಕೊಟ್ರೆ ಸಾಲದು, ಆಡಿಸೋರೂ ಬೇಕು

ಸಂಪಾದಕರಿಗೆ ನಮಸ್ಕಾರ,

ಬಡ ದೇಶಗಳ ಶಿಕ್ಷಣ ಅಂದ ತಕ್ಷಣ ನಾವೆಲ್ಲ ಮಾತಾಡೋದು ಕಟ್ಟಡ, ಪುಸ್ತಕ, ಮೇಷ್ಟ್ರು ಇಷ್ಟೇ, ಆಟದ ಮಾತು ಎತ್ತಿದ್ರೆ "ಮೊದ್ಲು ಓದ್ಲಿ ಬಿಡ್ರಿ, ಆಟ ಆಮೇಲೆ" ಅಂತ ಅಲ್ಲಿಗೇ ಮುಗಿಸ್ತೀವಿ. ಪರೀಕ್ಷೆ ಹತ್ರ ಬಂತು ಅಂದ್ರೆ ಮೊದ್ಲು ಹೋಗೋದು ಪಿಟಿ ಪೀರಿಯಡ್ಡೇ. ಕಾಗದದ ಮೇಲೆ ಮಾತ್ರ ಏನೂ ಕೊರತೆ ಇಲ್ಲ ನೋಡಿ, ದೈಹಿಕ ಶಿಕ್ಷಣ ಮತ್ತು ಕ್ರೀಡೆ ಎಲ್ಲರ ಮೂಲಭೂತ ಹಕ್ಕು ಅಂತ ಯುನೆಸ್ಕೋ 1978ರಲ್ಲೇ ಸನ್ನದು ಹೊರಡಿಸಿತ್ತು, ವಿಶ್ವಸಂಸ್ಥೆ 2005ನ್ನ ಇದಕ್ಕೇ ಅಂತ ಮೀಸಲಿಟ್ಟಿತ್ತು, ಈಗ ಏಪ್ರಿಲ್ 6ಕ್ಕೆ ಒಂದು ದಿನಾಚರಣೆ ಬೇರೆ.

ಹಾಗಂತ ಮಕ್ಕಳನ್ನ ಆಡೋಕೆ ಬಿಟ್ರೆ ತಾವಾಗೇ ಓದ್ತಾರೆ ಅಂತ ನಾನು ಹೇಳ್ತಿಲ್ಲ, ಅದು ಸುಳ್ಳು. ಮಕ್ಕಳನ್ನ ಒಂದ್ ಕಡೆ ಸೇರಿಸೋ ತಾಕತ್ತು ಆಟಕ್ಕಿದೆ, ಸೇರಿದ್ಮೇಲೆ ನಾವೇನು ಮಾಡ್ತೀವಿ ಅನ್ನೋದೇ ಮುಖ್ಯ.

ಕೀನ್ಯಾದ ನೈರೋಬಿಯಲ್ಲಿ ಮಥಾರೆ ಅಂತ ದೊಡ್ಡ ಕೊಳೆಗೇರಿ ಇದೆ. ಅಲ್ಲಿ 1987ರಲ್ಲಿ ಮಕ್ಕಳ ಫುಟ್ಬಾಲ್ ಲೀಗ್ ಶುರುವಾಯ್ತು. ಅದರ ರೂಲ್ಸ್ ನನಗೆ ಬಹಳ ಇಷ್ಟ ಆಯ್ತು. ಮ್ಯಾಚ್ ಗೆದ್ರೆ ಪಾಯಿಂಟ್ ಸಿಗೋದು ಸರಿ, ಆದ್ರೆ ಟೀಮು ತಮ್ಮ ಏರಿಯಾದ ಕಸ, ಚರಂಡಿ ಕ್ಲೀನ್ ಮಾಡಿದ್ರೂ ಪಾಯಿಂಟ್, ಅದೂ ಅದೇ ಲೀಗ್ ಟೇಬಲ್ಲಿಗೇ ಸೇರುತ್ತೆ. ಚಿಕ್ಕವರಿಗೆ ಕೋಚಿಂಗ್ ಮಾಡೋ, ರೆಫರಿಯಾಗಿ ನಿಲ್ಲೋ ಹುಡುಗ ಹುಡುಗೀರಿಗೂ ಪಾಯಿಂಟ್ ಲೆಕ್ಕ ಇರುತ್ತೆ, ಹೆಚ್ಚು ಗಳಿಸಿದವರಿಗೆ ಸ್ಕೂಲ್ ಫೀಸ್ ಸಿಗುತ್ತೆ, ದುಡ್ಡು ಕೈಗೆ ಕೊಡಲ್ಲ, ಸೀದಾ ಸ್ಕೂಲಿಗೇ ಕಟ್ತಾರೆ. ಅಲ್ಲಿಂದ ಬೆಳೆದ ಮಥಾರೆ ಯುನೈಟೆಡ್ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು, ಆದ್ರೆ ನನಗೆ ಆ ಕಪ್ಪಿಗಿಂತ ಈ ಫೀಸಿನ ವ್ಯವಸ್ಥೆಯೇ ದೊಡ್ಡದು ಅನ್ಸುತ್ತೆ.

ಇನ್ನೊಂದು ಗ್ರಾಸ್‌ರೂಟ್ ಸಾಕರ್, 2002ರಲ್ಲಿ ಜಿಂಬಾಬ್ವೆಯಲ್ಲಿ ಶುರುವಾದ ಸಂಸ್ಥೆ, ಫುಟ್ಬಾಲ್ ಮೂಲಕ ಎಚ್ಐವಿ ಬಗ್ಗೆ ಹೇಳಿಕೊಡೋಕೆ. ಅವರದ್ದೊಂದು ಆಟ ಇದೆ, ನೆಲದ ಮೇಲೆ ಕೋನ್ ಇಡ್ತಾರೆ, ಒಂದೊಂದು ಕೋನೂ ಒಂದೊಂದು ಅಪಾಯ ಅಂತ ಲೆಕ್ಕ, ಮಕ್ಕಳು ಅದರ ಮಧ್ಯೆ ಚೆಂಡು ತಳ್ಕೊಂಡು ಹೋಗ್ಬೇಕು. ಮೊದಲ ರೌಂಡಲ್ಲಿ ಕೋನಿಗೆ ತಾಗಿಸಿದವನು ಮಾತ್ರ ಪುಶ್ ಅಪ್ ಹೊಡೀಬೇಕು, ಆಮೇಲಾಮೇಲೆ ಅವನ ಇಡೀ ಟೀಮೇ ಹೊಡೀಬೇಕು. ಒಬ್ಬನ ಎಡವಟ್ಟು ಮನೆಮಂದಿಗೆಲ್ಲ ಹೇಗೆ ತಟ್ಟುತ್ತೆ ಅಂತ ಬೋರ್ಡಿನ ಮೇಲೆ ಎಷ್ಟು ಬರೆದ್ರೂ ಹೀಗೆ ಅರ್ಥ ಆಗಲ್ಲ. ಆಟ ಮುಗಿದ್ಮೇಲೆ ಎಲ್ಲರನ್ನೂ ಕೂರಿಸ್ಕೊಂಡು ಮಾತಾಡ್ತಾರೆ, ಆ ಮಾತುಕತೆ ಬಿಟ್ರೆ ಅದು ಬರೀ ಪುಶ್ ಅಪ್ ಅಷ್ಟೇ.

ಹೆಣ್ಮಕ್ಕಳ ವಿಷಯಕ್ಕೆ ಬಂದ್ರೆ ಕತೆ ಇನ್ನೂ ಕಷ್ಟ. 11ರಿಂದ 17 ವರ್ಷದ ಮಕ್ಕಳಲ್ಲಿ ಬೇಕಾದಷ್ಟು ಆಟ ಓಡಾಟ ಇಲ್ಲದೋರು ಹುಡುಗರಲ್ಲಿ ಶೇ. 78, ಹುಡುಗೀರಲ್ಲಿ ಶೇ. 85 ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತ್ತು, ಅದು ಇಡೀ ಜಗತ್ತಿನ ಲೆಕ್ಕ. ನಮ್ಮ ಜಾರ್ಖಂಡಲ್ಲಿ ರಾಂಚಿ ಹತ್ರದ ಹಳ್ಳಿಗಳಲ್ಲಿ ಯುವಾ ಅನ್ನೋ ಸಂಸ್ಥೆ 2009ರಲ್ಲಿ ಹುಡುಗೀರಿಗೆ ಫುಟ್ಬಾಲ್ ಕಲಿಸೋಕೆ ಶುರು ಮಾಡ್ತು, ಬಾಲ್ಯವಿವಾಹ ಮಾಮೂಲಿಯಾಗಿರೋ ಕಡೆ. ಆಟ ಒಂದೇ ಸಾಕಾಗಲ್ಲ ಅಂತ ಆಗಿ 2015ರಲ್ಲಿ ಅವರೇ ಸ್ಕೂಲನ್ನೂ ತೆರೆದ್ರು. ಕಾಬೂಲಲ್ಲಿ ಸ್ಕೇಟಿಸ್ತಾನ್ ಅಂತ ಒಂದು ಸಂಸ್ಥೆ ಇತ್ತು, ಮಕ್ಕಳಿಗೆ ಸ್ಕೇಟ್‌ಬೋರ್ಡ್, ಅಂದ್ರೆ ಚಕ್ರದ ಹಲಗೆ ಮೇಲೆ ನಿಂತು ಓಡಿಸೋ ಆಟ, ಕಲಿಸೋದು, ಹುಡುಗೀರು ಸೈಕಲ್ ಹೊಡೆದ್ರೆ ತಪ್ಪು ಅನ್ನೋ ಊರಲ್ಲಿ ಸ್ಕೇಟ್‌ಬೋರ್ಡ್ ಹೊಸದು, ಅದು ತಪ್ಪು ಅಂತ ಇನ್ನೂ ಯಾರೂ ಹೇಳಿರ್ಲಿಲ್ಲ, ಹಾಗಾಗಿ ಹುಡುಗೀರು ಬಂದ್ರು, ಜೊತೆಗೆ ಸ್ಕೂಲ್ ಬಿಟ್ಟ ಮಕ್ಕಳಿಗೆ ಪಾಠಾನೂ ನಡೀತಿತ್ತು. 2021ರಲ್ಲಿ ತಾಲಿಬಾನ್ ಬಂದ್ಮೇಲೆ ಅಲ್ಲಿ ಆರನೇ ಕ್ಲಾಸ್ ಮೇಲೆ ಹುಡುಗೀರ ಸ್ಕೂಲೇ ಬಂದ್. ಸರ್ಕಾರ ಎದುರಿಗೆ ನಿಂತ್ರೆ ಆಟಾನೂ ಏನ್ ಮಾಡೀತು.

ನನ್ನ ತಕರಾರು ಇರೋದು ದಾನ ಮಾಡೋರ ಮೇಲೆ. ಚೆಂಡು, ಜರ್ಸಿ ಮೂಟೆಗಟ್ಲೆ ಕಳಿಸ್ತಾರೆ, ಫೋಟೋ ತೆಗಿಸ್ಕೊತಾರೆ, ಚೆಂಡು ಒಡೆದ್ಮೇಲೆ ತಿರುಗಿ ನೋಡಲ್ಲ. ವರ್ಷಪೂರ್ತಿ ಆಡಿಸೋ ಕೋಚಿಗೆ ಸಂಬಳ ಕೊಡಿ ಅಂದ್ರೆ ಮಾತ್ರ ದುಡ್ಡಿರಲ್ಲ, ಪಾಪ ಆತ ವಾಲಂಟಿಯರ್ ಅಂತ ಎಷ್ಟು ದಿನ ಬರ್ತಾನೆ? ಹುಡುಗೀರ ಟೀಮಿಗೆ ಲೇಡಿ ಕೋಚ್, ಬಟ್ಟೆ ಬದಲಾಯಿಸೋಕೆ ಜಾಗ, ಟಾಯ್ಲೆಟ್, ಕತ್ತಲಾಗೋ ಮುಂಚೆ ಪ್ರಾಕ್ಟೀಸ್ ಮುಗಿಯೋ ಟೈಮಿಂಗ್, ಇವೆಲ್ಲ ಫೋಟೋದಲ್ಲಿ ಬರಲ್ಲ ನೋಡಿ, ಅದಕ್ಕೇ ಯಾರಿಗೂ ಬೇಡ. ಸರ್ಕಾರಗಳೂ ಅಷ್ಟೇ, ಸ್ಟೇಡಿಯಂ ಕಟ್ಟೋಕೆ ಇರೋ ಉತ್ಸಾಹ ಪಿಟಿ ಮೇಷ್ಟ್ರನ್ನ ನೇಮಿಸೋಕೆ ಇರಲ್ಲ.

ನಿಮ್ಮ ಕ್ರೀಡಾ ಪುಟದಲ್ಲಿ ಪದಕದ ಸುದ್ದಿ ಬರ್ಲಿ, ಬೇಡ ಅನ್ನಲ್ಲ, ಅದರ ಜೊತೆಗೆ ಈ ಥರ ಸಂಸ್ಥೆಗಳಲ್ಲಿ ಆಡಿದ ಮಕ್ಕಳು ಹತ್ತು ವರ್ಷ ಆದ್ಮೇಲೆ ಎಲ್ಲಿದ್ದಾರೆ, ಎಷ್ಟು ಓದಿದ್ರು ಅಂತ ಒಬ್ಬ ವರದಿಗಾರರನ್ನ ಕಳಿಸಿ ವಿಚಾರಿಸೋಕೆ ಆಗುತ್ತಾ?

ಇಂತಿ,
ನಿಮ್ಮ ಓದುಗ