ಪುಟ್ಟನ ಮೂಗಿನ ರಕ್ತದ ವಿಷಯ

ಕ್ಯಾಲ್ಗರಿ, ಕೆನಡಾ, ಜನವರಿ

ಅಮ್ಮ, ಅಪ್ಪ, ಇಬ್ಬರಿಗೂ ನಮಸ್ಕಾರ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಪುಟ್ಟ "ಅಪ್ಪನ ಮನೇಲಿ ಕುಸ್ತಿ ಆಡಿದ್ವಿ, ಮೂಗಲ್ಲಿ ರಕ್ತ ಬಂತು" ಅಂದಾಗಿನಿಂದ ನಿಮಗೆ ನಿದ್ದೆ ಬಂದಿರಲಿಕ್ಕಿಲ್ಲ. ಅವನೆದುರು ಫೋನಿನಲ್ಲಿ ಎಲ್ಲ ಹೇಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ, ರಕ್ತ ಬರುವುದು ಅವರಪ್ಪನ ಮನೆಯಲ್ಲಿ ಮಾತ್ರ ಅಲ್ಲ. ನನ್ನ ಹತ್ತಿರ ಇರುವ ವಾರದಲ್ಲೂ ಬರುತ್ತದೆ, ಅದೂ ಎಷ್ಟೋ ಸಲ ನಿದ್ದೆಯಲ್ಲಿ. ಡಾಕ್ಟರ್ ಲೈಟ್ ಹಾಕಿ ನೋಡಿದರು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳೆಲ್ಲ ಬಂದು ಸೇರುತ್ತವಂತೆ. ಅಲ್ಲಿ ಚರ್ಮ ತೀರಾ ತೆಳು. ಒಣಗಿ ಬಿರುಕು ಬಿಟ್ಟು ಹಕ್ಕಳೆ ಕಟ್ಟುತ್ತದೆ, ಇವನು ಬೆರಳು ಹಾಕಿ ಕೀಳುತ್ತಾನೆ, ಮತ್ತೆ ಸೋರುತ್ತದೆ. ಈ ಊರು 1,045 ಮೀಟರ್ ಎತ್ತರದಲ್ಲಿದೆ. ರಾಕಿ ಪರ್ವತದ ಕಡೆಯಿಂದ ಶಿನೂಕ್ ಅನ್ನುವ ಒಣಗಾಳಿ ಬೀಸುತ್ತದೆ, ಮನೆಯೊಳಗೆ ಚಳಿಗಾಲವಿಡೀ ಹೀಟರ್. ನಮ್ಮೂರು ಸಾಗರದ ಮಳೆಗಾಲದಲ್ಲಿ ವಾರವಾದರೂ ಒಣಗದ ಟವೆಲ್ ಇಲ್ಲಿ ರಾತ್ರಿ ಬೆಳಗಾಗುವುದರೊಳಗೆ ಹಪ್ಪಳದ ಹಾಗಾಗುತ್ತದೆ.

ನೀನು ಉಷ್ಣ ಅಂದೆ. ನೀರು, ಮಜ್ಜಿಗೆ ಚೆನ್ನಾಗಿ ಕುಡಿಸುತ್ತಿದ್ದೇನೆ. ಆದರೆ ತಲೆ ಹಿಂದಕ್ಕೆ ಬಾಗಿಸುವುದು ಬೇಡ. ರಕ್ತ ಗಂಟಲಿಗಿಳಿದು ವಾಂತಿಯಾಗಬಹುದು. ಮುಂದಕ್ಕೆ ಬಗ್ಗಿಸಿ, ಮೂಗಿನ ಮೂಳೆಯನ್ನಲ್ಲ, ಕೆಳಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಗಿಯಾಗಿ ಹಿಡಿಯಬೇಕು, ನಡುವೆ ಬಿಟ್ಟು ನೋಡಬಾರದು. ಈಗ ಅವನೇ ಹಿಡಿದುಕೊಳ್ಳುತ್ತಾನೆ. ಬಾತ್‌ರೂಮಿನ ಸ್ಟೂಲಿನ ಮೇಲೆ ಕೂತು, ಬಾಯಲ್ಲಿ ಉಸಿರಾಡುತ್ತಾ, ಟೈಮರ್ ಮೇಲೇ ಕಣ್ಣಿಟ್ಟು "ಬುಗೀತಾ ಅಬ್ಬಾ?" ಅಂತಾನೆ. ಮೂಗು ಮುಚ್ಚಿರುವುದರಿಂದ "ಮುಗೀತಾ ಅಮ್ಮಾ" ಹಾಗೆ ಕೇಳಿಸುತ್ತದೆ.

ಕುಸ್ತಿಯ ವಿಷಯದಲ್ಲಿ ನನಗೂ ಭಯ ಇದ್ದೇ ಇದೆ. ಅವರಪ್ಪ ಅವನನ್ನೆತ್ತಿ ಹಾಸಿಗೆ ಮೇಲೆ ಎಸೆಯುವುದು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೂ ಪೂರ್ತಿ ನಿಲ್ಲಿಸು ಅಂತ ನಾನು ಹೇಳುವುದಿಲ್ಲ. ಆ ಆಟದಿಂದ ಬಂದಾಗ ಮಗುವಿನ ಮುಖ ಹೇಗಿರುತ್ತದೆ ಅಂತ ನೋಡಿದ್ದೇನೆ. ಇಬ್ಬರೂ ಮಾತಾಡಿಕೊಂಡಿದ್ದೇವೆ: ರಕ್ತ ಬಂದ ದಿನ, ಮಾರನೇ ದಿನ ಕುಸ್ತಿ ಇಲ್ಲ. ಮುಖದ ಹತ್ತಿರ ಕೈ ಹೋಗಬಾರದು. ಪುಟ್ಟ "ಸಾಕು" ಅಂದರೆ ಆ ಕ್ಷಣವೇ ನಿಲ್ಲಿಸಬೇಕು. ಮೂಗಿಗೆ ಪೆಟ್ಟು ಬಿದ್ದು ಒಳಗೆ ಊದಿಕೊಂಡು ಮೂಗು ಕಟ್ಟಿದರೆ ಅದೇ ದಿನ ಆಸ್ಪತ್ರೆ. ಎರಡೂ ಮನೆಯಲ್ಲಿ ಉಪ್ಪುನೀರಿನ ಸ್ಪ್ರೇ ಇದೆ, ಕೋಣೆಯ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಇದೆ. ಸ್ಕೂಲ್ ಬ್ಯಾಗಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಅವನ ಜೊತೆಗೇ ಹೋಗಿ ಬರುತ್ತದೆ. ಮೊನ್ನೆ ತೆರೆದರೆ ಅವರಪ್ಪನ ಅಕ್ಷರ: "ಎಡ ಹೊಳ್ಳೆ, ಬೆಳಗ್ಗೆ ಹಲ್ಲುಜ್ಜುವಾಗ, 10 ನಿಮಿಷ ಹಿಡಿದ ಮೇಲೆ ನಿಂತಿತು." ನಮ್ಮಿಬ್ಬರ ನಡುವೆ ಏನೇ ಆಗಿರಲಿ, ಮಗುವನ್ನು ಅವರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ.

ಈಗ ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಅಪ್ಪ ಏನು ಮಾಡಿದ? ಹೊಡೆದನಾ?" ಅಂತ ಪುಟ್ಟನನ್ನು ಕೇಳಬೇಡಿ. ಬುಧವಾರ ಹಾಸಿಗೆ ಕೊಡವುವಾಗ ರಕ್ತದ ಕಲೆಯಾದ ದಿಂಬಿನ ಕವರ್ ಮಂಚದ ಕೆಳಗೆ ಸಿಕ್ಕಿತು. ಯಾಕೋ ಬಚ್ಚಿಟ್ಟೆ ಅಂದರೆ, "ಅಜ್ಜಿಗೆ ಗೊತ್ತಾದ್ರೆ ಅಪ್ಪಂಗೆ ಬೈತಾಳೆ" ಅಂದ. ರಕ್ತ ಬಂದದ್ದು ನಮಗೆ ಗೊತ್ತಾಗದೇ ಹೋದರೆ ಅದು ಕುಸ್ತಿಗಿಂತ ದೊಡ್ಡ ಅಪಾಯ. ಅವನ ಹತ್ತಿರ ಸ್ಕೂಲು, ಹಿಮ, ನಿಮ್ಮ ಹಟ್ಟಿಯ ಕರು, ಏನು ಬೇಕಾದರೂ ಮಾತಾಡಿ.

ಇನ್ನೊಂದು. ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಇಲ್ಲ, ವಸಡಿನಲ್ಲೂ ರಕ್ತ ಇಲ್ಲ, ಹಾಗಾಗಿ ಮುನ್ನೆಚ್ಚರಿಕೆಗೆ ಅಷ್ಟೆ ಅಂದರು. ಆದರೆ ಮನೆತನದಲ್ಲಿ ಯಾರಿಗಾದರೂ ಹಲ್ಲು ಕಿತ್ತಾಗ, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತಾ ಅಂತ ಕೇಳಿದ್ದಾರೆ. ದೊಡ್ಡಮ್ಮನಿಗೆ ಹಲ್ಲು ಕೀಳಿಸಿದ ಮೇಲೆ ರಾತ್ರಿಯೆಲ್ಲ ಸೋರಿತ್ತು ಅಂತ ನೀನೇ ಹೇಳಿದ ನೆನಪು. ಅವಳನ್ನೂ ಅಜ್ಜನ ಕಡೆಯವರನ್ನೂ ವಿಚಾರಿಸು. ಅವರಪ್ಪನೂ ತಮ್ಮ ಮನೆಯವರನ್ನು ಕೇಳುತ್ತಿದ್ದಾರೆ. ಮುಂದಿನ ವಾರ ಪುಟ್ಟ ಅವರಪ್ಪನ ಮನೆಯಲ್ಲಿರುತ್ತಾನೆ, ಆಗ ಫೋನ್ ಮಾಡಿದರೆ ಬಿಚ್ಚಿ ಮಾತಾಡಬಹುದು.

ಅಪ್ಪ, ಬಿಪಿ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು